ಕೊಂಡ್ಲಹಳ್ಳಿಯಿಂದ ಬ್ರಹ್ಮಗಿರಿಗೆ ಕಾಲ್ನಡಿಗೆ

ಅಶೋಕ ಚಕ್ರವರ್ತಿಯ ಶಾಸನಗಳು ನಮ್ಮ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಮೂರು ಕಡೆ ಇವೆ: ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಇವುಗಳನ್ನು ಬೆಳಕಿಗೆ ತಂದರು. ಇತಿಹಾಸದ ತರಗತಿಯಲ್ಲಿ ಈ ಸಂಗತಿಯನ್ನು ಬರೆದುಕೊಳ್ಳುತ್ತಿದ್ದಾಗ ನನಗೆ ನಾಚಿಕೆಯಾಯಿತು. ಕೊಂಡ್ಲಹಳ್ಳಿಯಲ್ಲಿಯೇ ಹುಟ್ಟಿ ಬೆಳೆದ ನಾನು ಅವುಗಳಲ್ಲಿ ಒಂದನ್ನೂ ಕಂಡಿರಲಿಲ್ಲ. ಬಸ್ಸಿನಲ್ಲಿ ಹೋಗಿಬರಬಹುದಿತ್ತು. ಆದರೆ ನಮ್ಮ ತಾತ ಕಡಲೆಕಾಯಿ ಕೀಳುವ ಕೂಲಿಗಾಗಿ ಆ ಸೀಮೆಗೆಲ್ಲ ನಡೆದೇ ಹೋಗುತ್ತಿದ್ದರೆಂದು ಕೇಳಿದ್ದೆನಾದ್ದರಿಂದ, ನಾನೂ ನಡೆದೇ ನೋಡಬೇಕೆಂದು ಕಳೆದ ಬೇಸಗೆಯ ರಜೆಯಲ್ಲಿ ನಿಶ್ಚಯಿಸಿದೆ.

ದೂರದ ದಾರಿಯನ್ನು ಒಂದೇ ಸಲ ನಡೆದು ಮುಗಿಸಬೇಕೆಂಬ ನಿಯಮವೇನೂ ಇಲ್ಲ. ಅಮೆರಿಕದ ಅಪಲೇಚಿಯನ್ ಕಾಲುಹಾದಿ ಸುಮಾರು ೩,೫೦೦ ಕಿಲೋಮೀಟರ್ ಉದ್ದವಾದದ್ದು. ೧೯೩೭ರಲ್ಲಿ ಪೂರ್ಣಗೊಂಡ ಆ ಹಾದಿಯನ್ನು ಅನೇಕರು ವರ್ಷಕ್ಕಿಷ್ಟೆಂದು ತುಂಡುತುಂಡಾಗಿ ನಡೆದು ಮುಗಿಸುತ್ತಾರೆ. ನಮ್ಮ ಹಾದಿ ಅದರ ಮುಂದೆ ಏನೂ ಅಲ್ಲ. ಆದರೂ ರಾಜ್ಯದಲ್ಲಿಯೇ ಬಹು ಕಡಿಮೆ ಮಳೆ ಬೀಳುವ ಸೀಮೆ ಇದು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಇಲ್ಲಿ ಸಣ್ಣ ಹಾದಿಯೂ ದೊಡ್ಡದೇ. ಆದ್ದರಿಂದ ಮೂರು ಭಾಗ ಮಾಡಿಕೊಂಡೆವು: ಮೊದಲ ಭಾನುವಾರ ನಮ್ಮೂರಿನಿಂದ ಹಾನಗಲ್, ಎರಡನೆಯ ವಾರ ಹಾನಗಲ್ಲಿನಿಂದ ಮೊಳಕಾಲ್ಮೂರು, ಮೂರನೆಯ ವಾರ ಅಲ್ಲಿಂದ ಸಿದ್ದಾಪುರ. ಪ್ರತಿ ಸಲವೂ ನಡೆದು ನಿಂತ ಜಾಗದಿಂದ ಬಸ್ಸಿನಲ್ಲಿ ಮನೆಗೆ ಮರಳುವುದು, ಮುಂದಿನ ವಾರ ಅದೇ ಜಾಗದಿಂದ ಹೊರಡುವುದು. ಜೊತೆಗೆ ನನ್ನ ಚಿಕ್ಕಪ್ಪನ ಮಗನಿದ್ದ.

ಮೊದಲ ಭಾಗ ಸುಖವಾಗಿ ಕಳೆಯಿತು. ಅದೇ ನಮಗೆ ಕೇಡಾಯಿತು. ಎರಡನೆಯ ವಾರ ಅಪ್ಪ "ಕೋಳಿ ಕೂಗೋ ಹೊತ್ತಿಗೆ ಹೊರಡ್ರಿ" ಎಂದಿದ್ದರೂ ನಾವು ಹೊರಟಾಗ ಹತ್ತು ಗಂಟೆ ಮೀರಿತ್ತು. ನೀರಿನ ಬಾಟಲಿ ಎರಡೇ ಇದ್ದವು. ಹನ್ನೆರಡರ ಸುಮಾರಿಗೆ ನನ್ನ ತಮ್ಮ ನಡೆಯುತ್ತ ನಡೆಯುತ್ತ ಓಲಾಡತೊಡಗಿದ. ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟ. ಮೈ ಮುಟ್ಟಿದರೆ ಸುಡುತ್ತಿತ್ತು. ನನಗೆ ದಿಕ್ಕೇ ತೋಚಲಿಲ್ಲ.

ಹತ್ತಿರದ ಬೇವಿನ ಮರದಡಿ ಒಬ್ಬ ಮುದುಕ ಕುರಿ ತರುಬಿಕೊಂಡು ಕುಳಿತಿದ್ದ. ಅವನೇ ಓಡಿಬಂದು ಹುಡುಗನನ್ನು ನೆರಳಿಗೆ ಎಳೆದು, ಅಂಗಿ ಬಿಚ್ಚಿಸಿ, ಮೈಮೇಲೆ ನೀರು ಸುರಿದು, ಟವಲಿನಿಂದ ಬೀಸತೊಡಗಿದ. ಹುಡುಗನಿಗೆ ತಿಳಿವು ಬಂದಮೇಲೆ ಉಪ್ಪು ಹಾಕಿದ ಮಜ್ಜಿಗೆಯನ್ನು ಗುಟುಕುಗುಟುಕಾಗಿ ಕುಡಿಸಿದ. ಅನಂತರ ನನ್ನತ್ತ ತಿರುಗಿ, "ಹೊತ್ತು ನೆತ್ತಿಗೇರೋದ್ರೊಳಗೆ ನೆರಳು ಹಿಡೀಬೇಕಪ್ಪಾ. ಕುರಿಗಿರೋ ಬುದ್ಧಿ ಓದಿದೋರಿಗಿಲ್ವಾ?" ಎಂದ. ಕುರಿಗಳು ಒಂದರ ಹೊಟ್ಟೆಯ ಕೆಳಗೆ ಮತ್ತೊಂದು ತಲೆಯಿಟ್ಟು ನಿಂತಿದ್ದವು. ನಾನು ಉತ್ತರ ಕೊಡಲಿಲ್ಲ. ಅಂದಿನ ನಡಿಗೆ ಅಲ್ಲಿಗೇ ನಿಂತಿತು. ತಮ್ಮನನ್ನು ಆಸ್ಪತ್ರೆಗೆ ತೋರಿಸಿಕೊಂಡು ಊರಿಗೆ ಬಂದೆವು.

ಆಮೇಲೆ ಪುಸ್ತಕ ತೆರೆದು ನೋಡಿದಾಗ ಮುದುಕ ಮಾಡಿದ್ದೆಲ್ಲಕ್ಕೂ ಕಾರಣ ಸಿಕ್ಕಿತು. ನಮ್ಮ ಮೈಯ ಶಾಖ ಸುಮಾರು ೩೭ ಡಿಗ್ರಿ ಸೆಲ್ಸಿಯಸ್. ಹೊರಗಿನ ಗಾಳಿ ಚರ್ಮಕ್ಕಿಂತ ಬಿಸಿಯಾದಾಗ ಬೆವರು ಆರುವುದೊಂದೇ ಮೈ ತಣಿಯುವ ದಾರಿ. ನಮ್ಮ ಸೀಮೆಯ ಒಣಗಾಳಿಯಲ್ಲಿ ಬೆವರು ಬಂದೊಡನೆ ಆರಿಹೋಗುವುದರಿಂದ, ಎಷ್ಟು ನೀರು ಕಳೆದುಕೊಂಡೆವೆಂಬುದು ನಡೆಯುವವನಿಗೆ ತಿಳಿಯುವುದೇ ಇಲ್ಲ. ಬೆವರಿನೊಡನೆ ಉಪ್ಪೂ ಹೋಗುತ್ತದೆ. ಬರಿಯ ನೀರನ್ನೇ ವಿಪರೀತ ಕುಡಿದರೆ ರಕ್ತದ ಉಪ್ಪಿನಂಶ ಇನ್ನಷ್ಟು ತಗ್ಗುತ್ತದೆ. ಉಪ್ಪು ಬೆರೆಸಿದ ಮಜ್ಜಿಗೆ, ಅಂಬಲಿಗಳ ಗುಣ ಇಲ್ಲಿದೆ. ಮೈಶಾಖ ೪೦ ಡಿಗ್ರಿ ದಾಟಿ ಮಾತು ತಡವರಿಸಿದರೆ ಅದು ಪ್ರಾಣಾಪಾಯದ ಸೂಚನೆ. ಆಗ ಮೊದಲು ಮೈ ತಣಿಸಬೇಕು, ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಎಚ್ಚರವಿಲ್ಲದವನ ಬಾಯಿಗೆ ಏನನ್ನೂ ಹಾಕಬಾರದು.

ಉಳಿದ ದಾರಿಯನ್ನು ನಾನು ಅಪ್ಪನ ಜೊತೆ ನಡೆದೆ. ನಸುಕಿನಲ್ಲಿ ಹೊರಟು, ಒಂಬತ್ತರೊಳಗೆ ನೆರಳು ಸೇರಿ, ಬಿಸಿಲಿಳಿದ ಮೇಲೆ ಮುಂದೆ ಸಾಗುತ್ತಿದ್ದೆವು. ತುಂಡುಗಳು ಮೂರು ಹೋಗಿ ಐದಾದವು. ಕಡೆಗೊಂದು ಬೆಳಿಗ್ಗೆ ಬ್ರಹ್ಮಗಿರಿಯ ಬಂಡೆಯ ಮುಂದೆ ನಿಂತೆವು.

ಅಪ್ಪ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. "ಏನು ಬರೆದೈತಪ್ಪಾ, ಓದು" ಎಂದರು. ಬಿ. ಎ. ಕೊನೆಯ ವರ್ಷದವನಾದ ನನಗೂ ಬ್ರಾಹ್ಮೀ ಲಿಪಿ ಓದಲು ಬಾರದು. ಆ ಬಂಡೆಯ ಮುಂದೆ ನಾವಿಬ್ಬರೂ ಒಂದೇ. ಪಾಠದಲ್ಲಿ ಕಲಿತಿದ್ದನ್ನು ಹೇಳಿದೆ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ ಇದು. ತಂದೆತಾಯಿಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂದಿದೆ. ಇದರಲ್ಲಿ ೨೫೬ ಎಂಬ ಅಂಕಿ ಬರುತ್ತದೆ. ಚಕ್ರವರ್ತಿ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದೆಂದು ಹಲವು ವಿದ್ವಾಂಸರ ಮತ. ಬರೆದ ಲಿಪಿಕಾರ ಚಪಡನು ಕೊನೆಯ ಪದವೊಂದನ್ನು ಮಾತ್ರ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದಿರುವುದರಿಂದ, ಅವನು ಆ ಕಡೆಯವನಿರಬೇಕೆಂಬ ಊಹೆಯಿದೆ.

ತಂದೆತಾಯಿಯರ ಮಾತು ಎಂದಾಗ ಅಪ್ಪ ನನ್ನ ಮುಖ ನೋಡಿ ನಕ್ಕರು. ಆಮೇಲೆ, "ಅಷ್ಟು ದೂರದಿಂದ ಬಂದೋನು ಈ ಬಿಸಿಲಿಗೆ ಏನ್ ಮಾಡಿದ್ನೋ!" ಎಂದು ಮರುಗಿದರು.

ಅಶೋಕನು ತನ್ನ ಸ್ತಂಭಶಾಸನವೊಂದರಲ್ಲಿ ದಾರಿಗಳ ಬದಿಗೆ ಆಲದ ಮರ ನೆಡಿಸಿದ್ದನ್ನೂ ಬಾವಿ ತೋಡಿಸಿದ್ದನ್ನೂ ಹೇಳಿಕೊಂಡಿದ್ದಾನೆ. ನಮ್ಮ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಜನ ಇಂದಿಗೂ ಕೆರೆ ಕಟ್ಟಿಸಿದವರೆಂದೇ ನೆನೆಯುತ್ತಾರೆ. ಇವುಗಳ ಬೆಲೆ ನನಗೆ ತಿಳಿದದ್ದು ಪರೀಕ್ಷೆಗೆ ಓದಿದಾಗಲ್ಲ, ಆ ಬೇವಿನ ಮರದಡಿಯಲ್ಲಿ. ಸಹಪಾಠಿಗಳು ಈ ಬೇಸಗೆಯಲ್ಲಿ ನಡೆಯ ಹೊರಟರೆ ಬೇಗ ಹೊರಡಲಿ, ಬೇಗ ನಿಲ್ಲಲಿ. ಉಳಿದ ದಾರಿ ಎಲ್ಲಿಗೂ ಹೋಗುವುದಿಲ್ಲ. ಮುಂದಿನ ವಾರ ಅಲ್ಲಿಯೇ ಇರುತ್ತದೆ.