ನಿಮಗಿದು ಗೊತ್ತೇ? ಚುಚ್ಚಿದ್ದು ತೋಳಿಗೆ, ನೋವು ಕೀಲಿಗೆ!

● ತುಕ್ಕು ಮೊಳೆ ತುಳಿದಾಗ ಹಾಕಿಸಿಕೊಳ್ಳುವ ಟಿಟಿಯಲ್ಲಿ ರೋಗಾಣು ಇರುವುದೇ ಇಲ್ಲ. ಧನುರ್ವಾಯು ಬ್ಯಾಕ್ಟೀರಿಯಾದ ವಿಷವನ್ನು ಫಾರ್ಮಲಿನ್ ಬೆರೆಸಿ, ಹಲ್ಲು ಕಿತ್ತ ಹಾವಿನಂತೆ ಮಾಡಿದ ‘ಟಾಕ್ಸಾಯ್ಡ್’ ಅದು.

● ಅದಕ್ಕೂ ಮುಂಚೆ ಕುದುರೆಯೇ ಗತಿ! ಕುದುರೆಗೆ ಆಗಾಗ ಒಂದಿಷ್ಟು ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ಪ್ರತಿವಿಷವನ್ನು ರೋಗಿಗೆ ಕೊಡುತ್ತಿದ್ದರು. ಈ ಸೀರಮ್ ಚಿಕಿತ್ಸೆಗಾಗಿ 1901ರಲ್ಲಿ ವೈದ್ಯಕೀಯದ ಮೊಟ್ಟಮೊದಲ ನೊಬೆಲ್ ಎಮಿಲ್ ಫಾನ್ ಬೆಹ್ರಿಂಗ್ ಪಾಲಾಯಿತು.

● ಅದೇ ವರ್ಷ ಅಮೆರಿಕದ ಸೇಂಟ್ ಲೂಯಿಯಲ್ಲಿ ಅನಾಹುತವೊಂದು ನಡೆಯಿತು. ಹಿಂದೆ ಹಾಲಿನ ಗಾಡಿ ಎಳೆಯುತ್ತಿದ್ದ ಜಿಮ್ ಎಂಬ ಕುದುರೆಗೆ ಧನುರ್ವಾಯು ತಗುಲಿತ್ತು. ಅದರ ರಕ್ತದಿಂದ ತೆಗೆದ ಗಂಟಲಮಾರಿ ಸೀರಮ್ ಪಡೆದ 13 ಮಕ್ಕಳು ಸತ್ತರು. ಮರುವರ್ಷವೇ ಲಸಿಕೆ, ಸೀರಮ್‌ಗಳ ಮೇಲೆ ಅಲ್ಲಿ ಸರ್ಕಾರಿ ನಿಗಾ ಬಂತು.

● ಶುದ್ಧ ಸೀರಮ್ಮೂ ಕಾಟ ಕೊಡದೆ ಬಿಡುತ್ತಿರಲಿಲ್ಲ. ಚುಚ್ಚಿದ ವಾರ, ಹತ್ತು ದಿನಕ್ಕೆ ಜ್ವರ, ಮೈಮೇಲೆ ದದ್ದು, ಕೀಲುಕೀಲಿಗೂ ನೋವು. ವಿಯೆನ್ನಾದ ಮಕ್ಕಳ ವೈದ್ಯರಾದ ಪಿರ್ಕೆ ಮತ್ತು ಶಿಕ್ 1905ರಲ್ಲಿ ಇದನ್ನು ವಿವರಿಸಿ ‘ಸೀರಮ್ ಕಾಯಿಲೆ’ ಎಂದರು.

● ಕೀಲೇ ಏಕೆ? ಕುದುರೆಯ ಪ್ರೋಟೀನನ್ನು ಪರಕೀಯವೆಂದು ಕಂಡು ದೇಹ ಪ್ರತಿಕಾಯ ತಯಾರಿಸುತ್ತದೆ. ಎರಡೂ ಅಂಟಿಕೊಂಡ ಕಣಗಳು ರಕ್ತದಲ್ಲಿ ತೇಲಿಹೋಗಿ ಕೀಲಿನ ಒಳಪದರ, ಚರ್ಮ, ಮೂತ್ರಪಿಂಡಗಳಲ್ಲಿ ತಂಗಿ ಉರಿಯೂತ ಎಬ್ಬಿಸುತ್ತವೆ.

● 1920ರ ದಶಕದಲ್ಲಿ ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆಯ ಗಾಸ್ತೋನ್ ರಮೋನ್ ಫಾರ್ಮಲಿನ್ ಮತ್ತು ಹದವಾದ ಶಾಖದಿಂದ ಗಂಟಲಮಾರಿಯ ವಿಷವನ್ನು ಟಾಕ್ಸಾಯ್ಡ್ ಆಗಿಸಿದರು. ಅದು ಬಂದ ಮೇಲೆ, ರೋಗ ತಡೆಯಲು ಕುದುರೆಯ ಹಂಗು ತಪ್ಪಿತು.

● ಟಾಕ್ಸಾಯ್ಡ್ ಲಸಿಕೆಯ ನಂತರವೂ ಕೆಲವರಿಗೆ ಮೈಕೈ ನೋವು, ಕೀಲುನೋವು ಬರುವುದುಂಟು. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಕೀಲು ಊದಿ, ನೋವು ವಾರಗಟ್ಟಲೆ ಬಿಡದಿದ್ದರೆ ವೈದ್ಯರಿಗೆ ತೋರಿಸಬೇಕು; ಕಾರಣ ಬೇರೆಯೇ ಇರಬಹುದು.

● ಗೀರು ಬಿದ್ದಾಗಲೆಲ್ಲ ಟಿಟಿ ಹಾಕಿಸಿಕೊಳ್ಳುವವರೇ, ಗಮನಿಸಿ! ರಕ್ತದಲ್ಲಿ ಮೊದಲೇ ಪ್ರತಿಕಾಯ ತುಂಬಿದ್ದಾಗ ಮತ್ತೆ ಚುಚ್ಚಿದರೆ ಕೆಲವೇ ಗಂಟೆಗಳಲ್ಲಿ ಭುಜದಿಂದ ಮೊಣಕೈವರೆಗೆ ತೋಳು ಊದಿಕೊಳ್ಳಬಹುದು. ಇದು ‘ಆರ್ಥಸ್ ಪ್ರತಿಕ್ರಿಯೆ’. 1903ರಲ್ಲಿ ಮೊಲಗಳಿಗೆ ಪದೇ ಪದೇ ಕುದುರೆ ಸೀರಮ್ ಚುಚ್ಚಿ ಇದನ್ನು ಕಂಡವರು ಮೋರಿಸ್ ಆರ್ಥಸ್. ಒಮ್ಮೆ ಹೀಗಾದವರಿಗೆ 10 ವರ್ಷ ಕಳೆಯುವ ಮುನ್ನ ಮತ್ತೆ ಕೊಡುವುದಿಲ್ಲ.

● ಕೆಲವೊಮ್ಮೆ ತಪ್ಪು ಲಸಿಕೆಯದ್ದಲ್ಲ, ಸೂಜಿಯದ್ದು. ತೋಳಿನ ಮಾಂಸಖಂಡ ಬಿಟ್ಟು ತೀರಾ ಮೇಲೆ ಚುಚ್ಚಿದರೆ ಮದ್ದು ಭುಜದ ಕೀಲಿನ ಬಳಿಯ ದ್ರವದ ಚೀಲಕ್ಕೆ ಇಳಿಯುತ್ತದೆ. ಎರಡು ದಿನದೊಳಗೆ ಶುರುವಾಗುವ ನೋವು ತಿಂಗಳುಗಟ್ಟಲೆ ಕಾಡಬಹುದು. ಸರಿಯಾದ ಜಾಗ, ಭುಜದ ಮೂಳೆಯ ತುದಿಯಿಂದ ಎರಡು ಮೂರು ಬೆರಳಗಲ ಕೆಳಗೆ.

● ಕುದುರೆ ಪೂರ್ತಿ ನಿವೃತ್ತವಾಗಿಲ್ಲ! ನಮ್ಮಲ್ಲಿ ಹಾವು ಕಡಿದವರಿಗೆ ಕೊಡುವ ಪ್ರತಿವಿಷ ಇಂದಿಗೂ ಕುದುರೆಯ ರಕ್ತದಿಂದಲೇ. ಜೀವ ಉಳಿದು ಮನೆಗೆ ಬಂದ ಒಂದೆರಡು ವಾರಕ್ಕೆ ಜ್ವರ, ಕೀಲುನೋವು ಬಂದರೆ ಅದು ಹಳೆಯ ಸೀರಮ್ ಕಾಯಿಲೆಯೇ ಇರಬಹುದು, ವೈದ್ಯರಿಗೆ ಹೇಳಿ.

● ನಮ್ಮ ಆರೋಗ್ಯ ಕೇಂದ್ರಗಳಲ್ಲಿ 10 ಮತ್ತು 16ರ ವಯಸ್ಸಿನವರಿಗೆ, ಗರ್ಭಿಣಿಯರಿಗೆ ಈಗ ಕೊಡುವುದು ಟಿಟಿ ಅಲ್ಲ, ಟಿಡಿ. ಇದರಲ್ಲಿ ಗಂಟಲಮಾರಿಯ ಟಾಕ್ಸಾಯ್ಡೂ ಉಂಟು. ದೊಡ್ಡವರಿಗೆ ತೊಂದರೆ ಹೆಚ್ಚೆಂದು ಅದರ ಪ್ರಮಾಣ ಮಾತ್ರ ಕಡಿಮೆ.

● ಧನುರ್ವಾಯು ಬಂದು ಗುಣವಾದವರಿಗೂ ಲಸಿಕೆ ಬೇಕೇ ಬೇಕು! ಪ್ರಾಣ ತೆಗೆಯಲು ಸಾಕಾಗುವ ವಿಷ, ದೇಹಕ್ಕೆ ರೋಗನಿರೋಧಕ ಪಾಠ ಕಲಿಸಲು ಸಾಕಾಗದಷ್ಟು ಅತ್ಯಲ್ಪ.