ಮುಂದೂಡಿದ ಪಂದ್ಯ, ಕೈತಪ್ಪಿದ ಋತು

ಇ-ಸ್ಪೋರ್ಟ್ಸ್ ಎಂದು ಕರೆಯಲಾಗುವ ಸ್ಪರ್ಧಾತ್ಮಕ ಆನ್‌ಲೈನ್ ಆಟಗಳ ಕ್ಷೇತ್ರದಲ್ಲಿ ಆಟಗಾರರಿಂದ ಪದೇ ಪದೇ ಕೇಳಿಬರುವ ದೂರುಗಳಲ್ಲಿ ವೇಳಾಪಟ್ಟಿಯ ಬದಲಾವಣೆಗೆ ಸಂಬಂಧಿಸಿದ್ದು ಪ್ರಮುಖವಾದುದು. ನಿಗದಿಯಾದ ಪಂದ್ಯ ಮುಂದಕ್ಕೆ ಹೋಗುತ್ತದೆ, ಋತು ಅರ್ಧಕ್ಕೇ ನಿಲ್ಲುತ್ತದೆ, ಕೆಲವೊಮ್ಮೆ ಆಟವೇ ಸ್ಪರ್ಧಾಪಟ್ಟಿಯಿಂದ ಕಣ್ಮರೆಯಾಗುತ್ತದೆ. ಪುಣೆಯಿಂದ ಸುಮಾರು 100 ಕಿ.ಮೀ. ದೂರದ ಬಾರಾಮತಿಯಂತಹ ತಾಲ್ಲೂಕು ಕೇಂದ್ರವಿರಲಿ, ಗಡಿಯ ಈಚೆಗಿನ ವಿಜಯಪುರ, ಬಾಗಲಕೋಟೆಗಳಿರಲಿ, ಮೊಬೈಲನ್ನೇ ಮೈದಾನ ಮಾಡಿಕೊಂಡ ಕಾಲೇಜು ವಿದ್ಯಾರ್ಥಿಗೆ ಪಂದ್ಯದ ದಿನಾಂಕ ಬದಲಾದರೆ ಪರೀಕ್ಷೆ, ಅಭ್ಯಾಸ, ತಂಡದ ಒಗ್ಗಟ್ಟು ಎಲ್ಲವೂ ಏರುಪೇರಾಗುತ್ತವೆ. ಈ ಅಸಮಾಧಾನ ಹೇಗೆ ಬೆಳೆಯಿತೆಂಬುದನ್ನು ತಿಳಿಯಲು ಋತುವೆಂಬ ವ್ಯವಸ್ಥೆ ಈ ಆಟಗಳಿಗೆ ಬಂದ ಬಗೆಯನ್ನೇ ಮೊದಲು ನೋಡಬೇಕಾಗುತ್ತದೆ.

ಒಡೆಯನಿರುವ ಆಟ

ಕ್ರಿಕೆಟ್ಟಿಗೂ ಕಬಡ್ಡಿಗೂ ಋತುವನ್ನು ಗೊತ್ತುಮಾಡಿದ್ದು ಮಳೆ, ಬಿಸಿಲು ಮತ್ತು ಬಿಡುವಿನ ಕಾಲ. ಆನ್‌ಲೈನ್ ಆಟಕ್ಕೆ ಇಂತಹ ನೈಸರ್ಗಿಕ ಗಡಿ ಇಲ್ಲದ್ದರಿಂದ ಕಂಪನಿಗಳೇ ಅದನ್ನು ರೂಪಿಸಿದವು. ನಿಗದಿತ ಅವಧಿಯಲ್ಲಿ ಗಳಿಸಿದ ಅಂಕಗಳ ಮೇಲೆ ಆಟಗಾರನಿಗೆ ಶ್ರೇಯಾಂಕ ನೀಡುವುದು, ಅವಧಿ ಮುಗಿದೊಡನೆ ಅದನ್ನು ಪೂರ್ತಿಯಾಗಿಯೋ ಭಾಗಶಃವೋ ಅಳಿಸಿ ಎಲ್ಲರೂ ಮತ್ತೆ ಮೆಟ್ಟಿಲು ಹತ್ತುವಂತೆ ಮಾಡುವುದು ಈ ವ್ಯವಸ್ಥೆಯ ತಿರುಳು. ರಾಯಟ್ ಗೇಮ್ಸ್ ಕಂಪನಿಯ ‘ಲೀಗ್ ಆಫ್ ಲೆಜೆಂಡ್ಸ್’ ಆಟದ ಮೊದಲ ಋತುವಿನ ಚಾಂಪಿಯನ್‌ಷಿಪ್ 2011ರ ಜೂನ್‌ನಲ್ಲಿ ಸ್ವೀಡನ್ನಿನ ಯೊನ್‌ಶೋಪಿಂಗ್‌ನಲ್ಲಿ ನಡೆದ ಬಳಿಕ, ಮನೆಯಲ್ಲಿ ಕೂತು ಆಡುವವರ ಶ್ರೇಯಾಂಕ ಮತ್ತು ವೇದಿಕೆಯ ಮೇಲಿನ ಟೂರ್ನಿ ಎರಡೂ ಒಂದೇ ಪಂಚಾಂಗಕ್ಕೆ ಹೊಂದಿಕೊಂಡವು. ಅದೇ ಕಂಪನಿ 2024ರಲ್ಲಿ ವರ್ಷಕ್ಕೆ ಮೂರು ಬಾರಿ ಶ್ರೇಯಾಂಕ ಅಳಿಸುವ ಕ್ರಮ ತಂದಿತಾದರೂ, ಪ್ರತಿ ಸಲವೂ ಬುಡದಿಂದ ಏರುವುದು ದಣಿವಿನ ಕೆಲಸವೆಂದು ಆಟಗಾರರು ದೂರಿದ್ದರಿಂದ 2025ಕ್ಕೆ ಒಂದೇ ಬಾರಿಗೆ ಇಳಿಸಿತು.

ಋತುವನ್ನು ರೂಪಿಸಿದವರಿಗೆ ಅದನ್ನು ನಿಲ್ಲಿಸುವ ಅಧಿಕಾರವೂ ಸಹಜವಾಗಿ ಬಂದಿತು. ‘ಡೋಟಾ 2’ ಆಟದ ಒಡೆತನವುಳ್ಳ ವಾಲ್ವ್ ಕಂಪನಿ 2022ರ ಜನವರಿಯಲ್ಲಿ, ಲೀಗ್ ಪಂದ್ಯಗಳು ನಡೆಯುತ್ತಿರುವಾಗಲೇ, ಕೋವಿಡ್ ಕಾರಣ ನೀಡಿ ಋತುವಿನ ಮೊದಲ ಪ್ರಮುಖ ಟೂರ್ನಿಯನ್ನು ರದ್ದುಪಡಿಸಿತು. ಆ ಟೂರ್ನಿಯ ಅರ್ಹತೆಗಾಗಿಯೇ ಸೆಣಸುತ್ತಿದ್ದ ಆಟಗಾರರು ಬಹಿರಂಗವಾಗಿ ಪ್ರತಿಭಟಿಸಿದ ಮೇಲಷ್ಟೇ ಪ್ರಾದೇಶಿಕ ಫೈನಲ್‌ಗಳೆಂಬ ಪರ್ಯಾಯ ದೊರೆಯಿತು.

ಹತ್ತು ತಿಂಗಳ ಎರಡು ಮೌನ

ಭಾರತದಲ್ಲಿ ಕಂಪನಿಯ ನಿರ್ಧಾರದ ಜೊತೆಗೆ ಸರ್ಕಾರದ ಆದೇಶವೂ ಸೇರಿಕೊಂಡು ಅನಿಶ್ಚಿತತೆ ಇಮ್ಮಡಿಯಾಯಿತು. 2018ರಲ್ಲಿ ಬಂದು ಸಣ್ಣ ಊರುಗಳ ಯುವಕರನ್ನೂ ಸ್ಪರ್ಧೆಗೆ ಎಳೆದ ‘ಪಬ್‌ಜಿ ಮೊಬೈಲ್’ ಆಟವನ್ನು 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಇನ್ನಿತರ ಆ್ಯಪ್‌ಗಳೊಂದಿಗೆ ನಿಷೇಧಿಸಿತು. ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿ ಅದನ್ನು ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ (ಬಿಜಿಎಂಐ) ಎಂಬ ಹೆಸರಿನಲ್ಲಿ 2021ರ ಜುಲೈ 2ರಂದು ಮರಳಿ ತಂದಿತು. 2022ರ ಜುಲೈ 28ರಂದು ಈ ಆಟವೂ ಆ್ಯಪ್ ಮಳಿಗೆಗಳಿಂದ ಹೊರಬಿದ್ದು, 2023ರ ಮೇ ತಿಂಗಳಲ್ಲಿ ಮೂರು ತಿಂಗಳ ಪರೀಕ್ಷಾರ್ಥ ಅನುಮತಿಯ ಮೇಲೆ, 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ ಮತ್ತು ಉಳಿದವರಿಗೆ 6 ಗಂಟೆಯ ಮಿತಿಯೊಂದಿಗೆ ಹಿಂದಿರುಗಿತು. ಎರಡು ಬಾರಿಯೂ ಸುಮಾರು ಹತ್ತು ತಿಂಗಳ ಕಾಲ, ಈ ಆಟವನ್ನೇ ವೃತ್ತಿಯಾಗಿ ನೆಚ್ಚಿದವರ ಮುಂದೆ ಮುಂದಿನ ಪಂದ್ಯ ಯಾವಾಗ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ.

ಆಟಕ್ಕೆ ಅನುಮತಿ ಇದ್ದಾಗಲೂ ದಿನಾಂಕಗಳು ನಿಲ್ಲಲಿಲ್ಲವೆಂಬುದಕ್ಕೆ ಬಿಜಿಎಂಐನ ಮೊದಲ ದೊಡ್ಡ ಟೂರ್ನಿಯಾದ 2021ರ ‘ಇಂಡಿಯಾ ಸೀರೀಸ್’ ನಿದರ್ಶನವಾಗಿದೆ. ಒಟ್ಟು 1 ಕೋಟಿ ರೂಪಾಯಿ ಬಹುಮಾನದ ಈ ಟೂರ್ನಿಗೆ ಜುಲೈ 19ರಂದು ನೋಂದಣಿ ಆರಂಭವಾಯಿತು. ಅರ್ಹತಾ ಸುತ್ತಿನಲ್ಲಿ ಪ್ರತಿ ತಂಡವೂ 15 ಪಂದ್ಯಗಳನ್ನಾಡಬೇಕಿದ್ದು, ಅವುಗಳಲ್ಲಿ ಅತ್ಯುತ್ತಮವಾದ 10ರ ಅಂಕಗಳನ್ನಷ್ಟೇ ಪರಿಗಣಿಸಿ 1,024 ತಂಡಗಳನ್ನು ಮುಂದಿನ ಹಂತಕ್ಕೆ ಆರಿಸುವ ನಿಯಮವಿತ್ತು. ನಗರದ ಪ್ರಾಯೋಜಿತ ತಂಡಕ್ಕೂ ತಾಲ್ಲೂಕಿನ ನಾಲ್ವರು ಗೆಳೆಯರಿಗೂ ಒಂದೇ ಬಾಗಿಲು ತೆರೆದದ್ದು ಈ ಏರ್ಪಾಡಿನ ಹಿರಿಮೆ. ಆದರೆ ಅಕ್ಟೋಬರ್‌ನಲ್ಲಿ ಮುಗಿಯಬೇಕಿದ್ದ ಟೂರ್ನಿ ಹಂತ ಹಂತವಾಗಿ ಮುಂದಕ್ಕೆ ಸರಿದು, ಫೈನಲ್ ನಡೆದದ್ದು 2022ರ ಜನವರಿ 13ರಿಂದ 16ರವರೆಗೆ. ಸ್ಕೈಲೈಟ್ಜ್ ಗೇಮಿಂಗ್ ತಂಡ ಪ್ರಶಸ್ತಿ ಗೆದ್ದಿತು. ಸಂಬಳ ಮತ್ತು ತರಬೇತಿ ಶಿಬಿರವಿರುವ ತಂಡ ಇಂತಹ ವಿಳಂಬವನ್ನು ತಾಳಿಕೊಳ್ಳಬಲ್ಲದು. ಸೆಮಿಸ್ಟರ್ ಪರೀಕ್ಷೆಯ ನಡುವೆ ಬಿಡುವು ಮಾಡಿಕೊಂಡು, ಮನೆಯವರನ್ನು ಒಪ್ಪಿಸಿ ಆಡುವ ತಂಡದಲ್ಲಿ ಒಬ್ಬ ಹಿಂದೆ ಸರಿದರೂ ನಾಲ್ವರ ಶ್ರಮ ವ್ಯರ್ಥವಾಗುತ್ತದೆ. ಹೀಗೆ ಎಲ್ಲರಿಗೂ ತೆರೆದಿದ್ದ ಬಾಗಿಲನ್ನು ವೇಳಾಪಟ್ಟಿಯೇ ಕೆಲವರ ಪಾಲಿಗೆ ಮುಚ್ಚಿಬಿಡುತ್ತದೆ.

ಕೈಗೆ ಬಂದು ತಪ್ಪಿದ ಪದಕ

ಮುಂದೂಡಿಕೆಯ ಬೆಲೆ ಎಷ್ಟಿರಬಹುದೆಂಬುದನ್ನು ತೀರ್ಥ್ ಮೆಹ್ತಾ ಅವರ ಪ್ರಕರಣ ತೋರಿಸುತ್ತದೆ. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸ್ ಪದಕಪಟ್ಟಿಗೆ ಸೇರದ ಪ್ರದರ್ಶನ ಕ್ರೀಡೆಯಾಗಿದ್ದಾಗ, ಇಸ್ಪೀಟಿನೆಲೆಗಳಂತಹ ಕಾರ್ಡುಗಳಿಂದ ಆಡುವ ‘ಹಾರ್ತ್‌ಸ್ಟೋನ್’ ಆಟದಲ್ಲಿ ಅವರು ಕಂಚು ಗೆದ್ದಿದ್ದರು. ಇ-ಸ್ಪೋರ್ಟ್ಸ್ ಪೂರ್ಣ ಪದಕ ಸ್ಪರ್ಧೆಯಾಗಿದ್ದ ಚೀನಾದ ಹಾಂಗ್‌ಝೌ ಕೂಟಕ್ಕೂ 2022ರಲ್ಲಿ ಅವರು ಅರ್ಹತೆ ಪಡೆದರು. ಕೋವಿಡ್ ಕಾರಣದಿಂದ ಕೂಟ 2023ರ ಸೆಪ್ಟೆಂಬರ್‌ಗೆ ಮುಂದೂಡಲ್ಪಟ್ಟಿತು. ಈ ನಡುವೆ ಆಟದ ಒಡೆಯ ಸಂಸ್ಥೆ ಬ್ಲಿಝಾರ್ಡ್ ಮತ್ತು ಅದರ ಚೀನೀ ಪಾಲುದಾರ ನೆಟ್‌ಈಸ್ ನಡುವಿನ ಒಪ್ಪಂದ 2023ರ ಜನವರಿಯಲ್ಲಿ ಕೊನೆಗೊಂಡು, ಹಾರ್ತ್‌ಸ್ಟೋನ್ ಅನ್ನು ಕೂಟದಿಂದಲೇ ಕೈಬಿಡಲಾಯಿತು. ಇ-ಸ್ಪೋರ್ಟ್ಸ್ ಪದಕ ಸ್ಪರ್ಧೆಗಳು ಎಂಟರಿಂದ ಏಳಕ್ಕೆ ಇಳಿದವು. ಎರಡು ಕಂಪನಿಗಳ ವ್ಯಾಪಾರ ವ್ಯವಹಾರದಲ್ಲಿ, ಕಣದಲ್ಲಿ ಸೋಲದೆಯೇ ಆಟಗಾರನ ಸ್ಥಾನ ಕರಗಿಹೋಯಿತು.

ಬಾರಾಮತಿಯ ಮೈದಾನ ಹೇಳುವ ಪಾಠ

ವೇಳಾಪಟ್ಟಿ ಬದಲಾಗದ ಕ್ರೀಡೆಯೆಂಬುದಿಲ್ಲ. ಬಾರಾಮತಿಯ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಕ್ರೀಡಾಂಗಣದಲ್ಲಿ 2020ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರ ಮತ್ತು ಉತ್ತರಾಖಂಡ ತಂಡಗಳ ರಣಜಿ ಪಂದ್ಯ ನಡೆಯಿತು. ಮರು ಋತುವಿನಲ್ಲಿ, ಅಂದರೆ 2020–21ರಲ್ಲಿ, ಕೋವಿಡ್‌ನಿಂದಾಗಿ ರಣಜಿ ಟ್ರೋಫಿಯೇ ನಡೆಯಲಿಲ್ಲ. ಆದರೆ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯು 2019–20ರ ದೇಶಿ ಋತುವಿನಲ್ಲಿ ಆಡಿದ್ದವರಿಗೆ ಪಂದ್ಯ ಶುಲ್ಕದ ಶೇ 50ರಷ್ಟನ್ನು ಪರಿಹಾರವಾಗಿ ನೀಡುವುದಾಗಿ 2021ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಪರಿಹಾರ ತಡವಾಗಿ ಬಂದಿತೆಂಬುದು ನಿಜವಾದರೂ, ಋತು ತಪ್ಪಿದ್ದು ಆಟಗಾರನಿಗಾದ ನಷ್ಟವೆಂಬುದನ್ನು ಮಂಡಳಿ ಒಪ್ಪಿಕೊಂಡಿತು ಎಂಬುದು ಇಲ್ಲಿ ಮಹತ್ವದ ಸಂಗತಿ. ಇ-ಸ್ಪೋರ್ಟ್ಸ್ ಆಟಗಾರರ ಅಸಮಾಧಾನದ ಬೇರು ಇರುವುದು ಇಂತಹ ಒಪ್ಪಿಗೆಯ ಕೊರತೆಯಲ್ಲಿ: ನಷ್ಟಕ್ಕೆ ಲೆಕ್ಕವಿಲ್ಲ, ಅಹವಾಲು ಕೇಳುವ ಪೀಠವಿಲ್ಲ, ನಿರ್ಧಾರದಲ್ಲಿ ಆಟಗಾರರ ಮಾತಿಗೆ ಸ್ಥಾನವಿಲ್ಲ.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯು ಹಣ ಪಣಕ್ಕಿಡುವ ಆಟಗಳಿಂದ ಇ-ಸ್ಪೋರ್ಟ್ಸ್ ಅನ್ನು ಬೇರ್ಪಡಿಸಿ, ಅದನ್ನು ಅಧಿಕೃತ ಸ್ಪರ್ಧಾತ್ಮಕ ಕ್ರೀಡೆಯೆಂದು ಗುರುತಿಸಿದೆ. ಟೂರ್ನಿಗಳಿಗೆ ಮಾರ್ಗಸೂಚಿ ರೂಪಿಸುವ ಹೊಣೆ ಯುವಜನ ವ್ಯವಹಾರ ಮತ್ತು ಕ್ರೀಡಾ ಸಚಿವಾಲಯದ ಮೇಲಿದೆ. ದಿನಾಂಕ ಬದಲಿಸುವ ಮುನ್ನ ಕನಿಷ್ಠ ಅವಧಿಯ ಸೂಚನೆ, ಮುಂದೂಡಿದ ಟೂರ್ನಿಯಲ್ಲಿ ಗಳಿಸಿದ ಅರ್ಹತೆಯ ರಕ್ಷಣೆ, ಪರೀಕ್ಷಾ ಕಾಲದಲ್ಲಿ ಬದಲಿ ಆಟಗಾರನಿಗೆ ಅವಕಾಶ, ರದ್ದಾದ ಋತುವಿಗೆ ಪರಿಹಾರ, ಆಯೋಜನಾ ಸಮಿತಿಯಲ್ಲಿ ಆಟಗಾರರ ಪ್ರತಿನಿಧಿ — ಈ ಐದು ಅಂಶಗಳು ಆ ಮಾರ್ಗಸೂಚಿಯಲ್ಲಿ ಸೇರಿದರೆ, ಆಟದ ಒಡೆತನ ಕಂಪನಿಯ ಬಳಿಯೇ ಉಳಿದರೂ ಋತುವಿನ ಮೇಲೆ ಆಟಗಾರನಿಗೂ ಹಕ್ಕು ದೊರೆಯುತ್ತದೆ. ಕ್ರೀಡೆಯೆಂಬ ಮನ್ನಣೆ ನೀಡಿದ ಸರ್ಕಾರ ಕ್ರೀಡಾಪಟುವಿಗೆ ಸಲ್ಲಬೇಕಾದ ರಕ್ಷಣೆಯನ್ನೂ ನೀಡುವುದು ನ್ಯಾಯ.