ಸಂಗ್ರಹ ಸರ್ವರಿನ ಪುಟ ತೆರೆಯದಿದ್ದಾಗ

ಮನೆ ಅಥವಾ ಶಾಲೆಯ ಹಲವು ಕಂಪ್ಯೂಟರುಗಳ ಕಡತಗಳನ್ನು ಒಂದೇ ಕಡೆ ಇಡಲು ಬಳಸುವ ಪುಟ್ಟ ಪೆಟ್ಟಿಗೆಯೇ ಸಂಗ್ರಹ ಸರ್ವರ್. ಇದಕ್ಕೆ ಎನ್‌ಎಎಸ್ ಎಂಬ ಹೆಸರೂ ಇದೆ. ಸಾಮಾನ್ಯವಾಗಿ ಇದಕ್ಕೆ ಪರದೆಯಾಗಲಿ ಕೀಲಿಮಣೆಯಾಗಲಿ ಇರುವುದಿಲ್ಲ. ಬೇರೊಂದು ಕಂಪ್ಯೂಟರಿನ ಬ್ರೌಸರಿನಲ್ಲಿ ಸರ್ವರಿನ ವಿಳಾಸ ಕೊಟ್ಟರೆ ನಿರ್ವಹಣಾ ಪುಟ ತೆರೆದುಕೊಳ್ಳುತ್ತದೆ. ಒಂದು ದಿನ ಆ ಪುಟ ಬರಲೇ ಇಲ್ಲ ಎಂದುಕೊಳ್ಳಿ. ಗಾಬರಿಯಿಂದ ಕೆಲವರು ಹಿಂಬದಿಯ ರೀಸೆಟ್ ಗುಂಡಿಯನ್ನು ಒತ್ತುತ್ತಾರೆ. ಇನ್ನು ಕೆಲವರು ಡಿಸ್ಕುಗಳನ್ನೇ ಕಳಚುತ್ತಾರೆ. ಎರಡೂ ಅಪಾಯಕರ. ಸಣ್ಣ ದೋಷಕ್ಕೆ ಅವಸರದ ಮದ್ದು ಮಾಡಿ, ವರ್ಷಗಟ್ಟಲೆ ಕೂಡಿಟ್ಟ ಅಂಕಪಟ್ಟಿ, ಛಾಯಾಚಿತ್ರಗಳನ್ನು ಕಳೆದುಕೊಳ್ಳುವ ಸಾಧ್ಯತೆ ಇರುತ್ತದೆ.

ಪುಟ ಬೇರೆ, ಕಡತ ಬೇರೆ

ನಿರ್ವಹಣಾ ಪುಟವನ್ನು ತೋರಿಸುವುದು ಸರ್ವರಿನೊಳಗಿನ ಒಂದು ತಂತ್ರಾಂಶ. ಕಡತಗಳನ್ನು ಹಂಚುವುದು ಇನ್ನೊಂದು. ಮೊದಲನೆಯದು ನಿಂತರೂ ಎರಡನೆಯದು ಕೆಲಸ ಮಾಡುತ್ತಿರಬಹುದು. ಆದ್ದರಿಂದ ಹಂಚಿಕೆಯ ಫೋಲ್ಡರ್ ತೆರೆಯುತ್ತದೆಯೇ ಎಂದು ಮೊದಲು ನೋಡಿ. ತೆರೆದರೆ ಜಾಲ ಮತ್ತು ಡಿಸ್ಕು ಕೆಲಸ ಮಾಡುತ್ತಿವೆ, ದೋಷ ಪುಟದ ತಂತ್ರಾಂಶಕ್ಕೆ ಸೀಮಿತ ಎಂದಾಯಿತು. ದುರಸ್ತಿಗೆ ಕೈಹಾಕುವ ಮೊದಲು ಮುಖ್ಯ ಕಡತಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳಿ.

ಕೆಳಗಿನಿಂದ ಮೇಲಕ್ಕೆ

ಫೋಲ್ಡರ್ ಕೂಡ ತೆರೆಯದಿದ್ದರೆ ತಂತಿಯಿಂದ ಆರಂಭಿಸಿ ಒಂದೊಂದೇ ಹಂತ ಮೇಲಕ್ಕೆ ಬನ್ನಿ.

ತಂತಿ: ಜಾಲದ ಕೇಬಲ್ ಸೇರುವ ಕಿಂಡಿಯ ಬಳಿಯ ಪುಟ್ಟ ದೀಪ ಉರಿಯುತ್ತಿದೆಯೇ? ಇಲ್ಲದಿದ್ದರೆ ಕೇಬಲ್ ಬದಲಿಸಿ, ರೂಟರಿನ ಬೇರೆ ಕಿಂಡಿಗೆ ಸಿಕ್ಕಿಸಿ ನೋಡಿ.

ವಿಳಾಸ: ಮನೆಯ ಜಾಲದಲ್ಲಿ ಪ್ರತಿ ಸಾಧನಕ್ಕೂ ಐಪಿ ವಿಳಾಸ ಹಂಚುವುದು ಸಾಮಾನ್ಯವಾಗಿ ರೂಟರ್. ಈ ವಿಳಾಸ ಎರವಲು ಕೊಟ್ಟದ್ದು, ಕಾಯಂ ಅಲ್ಲ. ವಿದ್ಯುತ್ ಹೋಗಿ ಬಂದ ಮೇಲೆ ನಿನ್ನೆಯ 192.168.1.20 ಇಂದು 192.168.1.27 ಆಗಿರಬಹುದು. ಆಗ ನೀವು ಹಳೆಯ ಮನೆಯ ಬಾಗಿಲು ತಟ್ಟುತ್ತಿರುತ್ತೀರಿ! ರೂಟರಿನ ಪಟ್ಟಿಯಲ್ಲಿ ಹೊಸ ವಿಳಾಸ ಸಿಗುತ್ತದೆ. ಸರ್ವರಿಗೆಂದೇ ಒಂದು ವಿಳಾಸವನ್ನು ರೂಟರಿನಲ್ಲಿ ಕಾದಿರಿಸಿದರೆ ಈ ತೊಂದರೆ ಮತ್ತೆ ಬಾರದು. ವಿಳಾಸ 169.254 ಎಂದು ಆರಂಭವಾಗಿದ್ದರೆ ರೂಟರಿನಿಂದ ವಿಳಾಸ ಸಿಗದೆ ಸಾಧನ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ತಿಳಿಯಿರಿ.

ಪಿಂಗ್: ಇದು 1983ರಲ್ಲಿ ಮೈಕ್ ಮ್ಯೂಸ್ ಬರೆದ ಪುಟ್ಟ ಪ್ರೋಗ್ರಾಮ್. ಸಬ್‌ಮರೀನಿನ ಸೋನಾರ್ ಸದ್ದಿನಿಂದ ಹೆಸರು ಬಂದಿದೆ. ಇದು ಒಂದು ಸಂದೇಶ ಕಳಿಸಿ ಪ್ರತಿಧ್ವನಿಗಾಗಿ ಕಾಯುತ್ತದೆ. ಉತ್ತರ ಬಂದರೆ ಆ ವಿಳಾಸದವರೆಗೆ ದಾರಿ ಸರಿಯಿದೆ. ಬಾರದಿದ್ದರೆ ಸಾಧನ ಸತ್ತಿದೆ ಎಂದು ತೀರ್ಮಾನಿಸಬೇಡಿ. ಕೆಲವು ಸಾಧನಗಳು ಪಿಂಗ್‌ಗೆ ಉತ್ತರಿಸದಂತೆ ಹೊಂದಿಸಿರುತ್ತಾರೆ.

ಪೋರ್ಟ್: ಒಂದೇ ವಿಳಾಸದಲ್ಲಿ ಹಲವು ಸೇವೆಗಳಿರುತ್ತವೆ. ಅವುಗಳನ್ನು ಗುರುತಿಸುವುದು ಪೋರ್ಟ್ ಸಂಖ್ಯೆ. ಎಚ್‌ಟಿಟಿಪಿಗೆ ವಾಡಿಕೆಯ ಸಂಖ್ಯೆ 80, ಎಚ್‌ಟಿಟಿಪಿಎಸ್‌ಗೆ 443. ಸಿನಾಲಜಿ ಸಾಧನಗಳ ಪುಟ ಮೂಲತಃ 5000 ಮತ್ತು 5001ರಲ್ಲಿರುತ್ತದೆ. ಇಲ್ಲಿ ಬ್ರೌಸರ್ ಕೊಡುವ ದೋಷಸಂದೇಶವನ್ನು ಗಮನವಿಟ್ಟು ಓದಿ. 'ಸಂಪರ್ಕ ನಿರಾಕರಿಸಲಾಗಿದೆ' ಎಂದರೆ ಸಾಮಾನ್ಯವಾಗಿ ಯಂತ್ರ ಎಚ್ಚರವಾಗಿದೆ, ಆದರೆ ಆ ಪೋರ್ಟಿನಲ್ಲಿ ಯಾವ ತಂತ್ರಾಂಶವೂ ಕಿವಿಗೊಟ್ಟಿಲ್ಲ. 'ಕಾಲಮಿತಿ ಮೀರಿದೆ' ಎಂದರೆ ಉತ್ತರವೇ ಬಂದಿಲ್ಲ: ವಿಳಾಸ ತಪ್ಪಿರಬಹುದು, ಯಂತ್ರ ಆರಿರಬಹುದು, ಇಲ್ಲವೇ ಫೈರ್‌ವಾಲ್ ತಡೆಯುತ್ತಿರಬಹುದು. 'ಪ್ರಮಾಣಪತ್ರ ನಂಬಲರ್ಹವಲ್ಲ' ಎಂದರೆ ಸರ್ವರ್ ಉತ್ತರಿಸಿದೆ; ತಕರಾರು ಇರುವುದು ಅದರ ಗುರುತಿನ ಬಗ್ಗೆ.

ಡಿಸ್ಕು ತುಂಬಿದಾಗ

ಪುಟ ಬಂದರೂ ಒಳಗೆ ಹೋಗಲಾಗದ ಪ್ರಸಂಗವೂ ಉಂಟು. ಸರಿಯಾದ ಗುಪ್ತಪದ ಕೊಟ್ಟರೂ ಪ್ರವೇಶದ ಪುಟವೇ ಮತ್ತೆ ಮತ್ತೆ ಬರುತ್ತದೆ. ಕಾರ್ಯಾಚರಣಾ ವ್ಯವಸ್ಥೆ ಇರುವ ವಿಭಾಗ ತುಂಬಿಹೋಗಿ, ಪ್ರವೇಶದ ತಾತ್ಕಾಲಿಕ ದಾಖಲೆಯನ್ನು ಬರೆಯಲು ಜಾಗವಿಲ್ಲದಿದ್ದರೆ ಹೀಗಾಗುತ್ತದೆ. ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು 'ಡಿಎಫ್' ಆಜ್ಞೆ ಕೊಟ್ಟರೆ ಯಾವ ವಿಭಾಗ ಎಷ್ಟು ತುಂಬಿದೆ ಎಂದು ತಿಳಿಯುತ್ತದೆ. ಬೇಡದ ಹಳೆಯ ಲಾಗ್ ಕಡತಗಳನ್ನು ತೆಗೆದು ಪುಟದ ಸೇವೆಯನ್ನು ಮರುಚಾಲನೆ ಮಾಡಿದರೆ ಸಾಕಾಗಬಹುದು.

ಕೊನೆಯ ಅಸ್ತ್ರ

ಮರುಚಾಲನೆ ಬೇಕಾದರೆ ಪ್ಲಗ್ ಕೀಳಬೇಡಿ. ಕೈಪಿಡಿ ಹೇಳುವಂತೆ ಕ್ರಮವಾಗಿ ಆರಿಸಿ. ಹಠಾತ್ತನೆ ವಿದ್ಯುತ್ ಹೋದ ಮೇಲೆ ಡಿಸ್ಕಿನ ತಪಾಸಣೆಗೆ ಗಂಟೆಗಳೇ ಹಿಡಿಯಬಹುದು. ಡಿಸ್ಕಿನ ದೀಪ ಮಿನುಗುತ್ತಿದ್ದರೆ ಕಾಯಿರಿ. ರೀಸೆಟ್ ಗುಂಡಿಯ ಪರಿಣಾಮ ಎಲ್ಲ ಸಾಧನಗಳಲ್ಲೂ ಒಂದೇ ಅಲ್ಲ. ಕೆಲವದರಲ್ಲಿ ಗುಪ್ತಪದ ಮತ್ತು ಜಾಲದ ಹೊಂದಾಣಿಕೆ ಮಾತ್ರ ಮೊದಲಿನಂತಾದರೆ, ಕೆಲವದರಲ್ಲಿ ಎಲ್ಲವೂ ಅಳಿಸಿಹೋಗಬಹುದು. ಕೈಪಿಡಿ ಓದದೆ ಅದನ್ನು ಮುಟ್ಟಬೇಡಿ. ಒಂದೇ ಕಡತ ಎರಡು ಡಿಸ್ಕುಗಳಲ್ಲಿರುವ ರೇಡ್ ಏರ್ಪಾಡು ಡಿಸ್ಕು ಕೆಟ್ಟರೆ ಕಾಪಾಡುತ್ತದೆ, ಅಳಿಸಿದರೆ ಕಾಪಾಡದು. ಪೆಟ್ಟಿಗೆಯ ಹೊರಗೆ ಇನ್ನೊಂದು ಪ್ರತಿ ಇರಲೇಬೇಕು.

ಶಿಕ್ಷಕರು ಇದನ್ನು ತರಗತಿಯ ಚಟುವಟಿಕೆಯಾಗಿಸಬಹುದು. ಯಾವುದಾದರೂ ಹಳೆಯ ರೂಟರಿನ ಕೇಬಲ್ ಸಡಿಲಿಸಿ, ಇಲ್ಲವೇ ವಿಳಾಸ ಬದಲಿಸಿ ದೋಷ ಹುಡುಕಲು ಹೇಳಿ. ಮಾಡಿದ ಪರೀಕ್ಷೆ, ಕಂಡ ಫಲ, ಅದರಿಂದ ತಳ್ಳಿಹಾಕಿದ ಕಾರಣ - ಈ ಮೂರನ್ನೂ ವಿದ್ಯಾರ್ಥಿಗಳು ಬರೆದಿಡಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬ ಪ್ರಯೋಗಾಲಯದ ನಿಯಮ ಇಲ್ಲಿಯೂ ಅನ್ವಯಿಸುತ್ತದೆ.